ಖಾಲಿ ಕುರ್ಚಿಯ ಲೆಕ್ಕ

ಚಿ. ಸುಹಾಸನಿಗೆ, ನಿನ್ನ ಸೋದರಮಾವನ ಆಶೀರ್ವಾದಗಳು.

ಮೋಟರ್ ರಿಪೇರಿಯ ವರ್ಕ್‌ಶಾಪ್ ತೆರೆಯುವ ಮುಂಚೆ ಯಾವುದಾದರೂ ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡಲೇ ಎಂದು ಕೇಳಿದ್ದೀಯ. ಮಾಡು, ಬೇಡ ಅನ್ನುವುದಿಲ್ಲ. ಆದರೆ ಈಗಿನ ಕೆಲಸದಲ್ಲಿ ತಿಂಗಳಿನ ಅರ್ಧ ಭಾಗ ಊರೂರು ಸುತ್ತುತ್ತೀಯ, ಹೋಟೆಲಿನಲ್ಲೇ ಊಟ. ಉಣ್ಣುವಾಗ ಫೋನು ಬದಿಗಿಟ್ಟು, ಅಡುಗೆಮನೆಯ ಬಾಗಿಲು ಕಾಣುವಂಥ ಮೇಜು ಹಿಡಿದು ಕೂರು. ಹೋಟೆಲಾಗಲಿ ವಿಮಾನವಾಗಲಿ, ಮಾರುವುದು ಹೊತ್ತು ಮೀರಿದರೆ ಕೆಡುವ ಸರಕನ್ನೇ. ಮಧ್ಯಾಹ್ನ ಖಾಲಿ ಉಳಿದ ಕುರ್ಚಿಯನ್ನು ರಾತ್ರಿಗೆಂದು ಎತ್ತಿಡಲು ಬರುವುದಿಲ್ಲ. ನಿನ್ನ ಮೆಕ್ಯಾನಿಕ್‌ನ ಒಂದು ಗಂಟೆಯೂ ಅದೇ ಜಾತಿ. ಹೋಟೆಲಿನವನ ನಷ್ಟ ಅವತ್ತೇ ಕಣ್ಣಿಗೆ ಬೀಳುತ್ತದೆ, ನಿನ್ನದು ವರ್ಷದ ಕೊನೆಗೆ ಲೆಕ್ಕಪತ್ರದಲ್ಲಿ. ಅದಕ್ಕೇ ಅಲ್ಲಿ ನೋಡಿ ಕಲಿ ಅನ್ನುವುದು.

ಮೊದಲು ಕುರ್ಚಿ ಎಣಿಸು. ನಾಲ್ಕು ಜನ ಕೂರುವ ಹತ್ತು ಮೇಜುಗಳಿವೆ, ಬರುವವರೆಲ್ಲ ಇಬ್ಬಿಬ್ಬರೇ ಅಂದುಕೋ. ಬಾಗಿಲಲ್ಲಿ ಜನ ಕಾಯುತ್ತಾರೆ, ಮಾಲೀಕ ‘ಫುಲ್’ ಎಂದು ಹಿಗ್ಗುತ್ತಾನೆ. ನಲವತ್ತು ಕುರ್ಚಿಗಳಲ್ಲಿ ತುಂಬಿರುವುದು ಇಪ್ಪತ್ತು! ಇಬ್ಬರು ಕೂರುವ ಸಣ್ಣ ಮೇಜುಗಳನ್ನು ಇಟ್ಟು, ನಾಲ್ವರು ಬಂದಾಗ ಎರಡನ್ನು ಜೋಡಿಸಿದರೆ ಅದೇ ಕೋಣೆಯಲ್ಲಿ ಎಷ್ಟೋ ಹೆಚ್ಚು ಜನ ಹಿಡಿಯುತ್ತಾರೆ. ಎರಡು ಗಂಟೆಯ ಕೆಲಸಕ್ಕೆ ರಿಪೇರಿಯ ಒಂದು ಬೆಂಚನ್ನು ಇಡೀ ದಿನ ಒಪ್ಪಿಸಿಬಿಡುವ ವರ್ಕ್‌ಶಾಪಿನಲ್ಲಿ ನಡೆಯುವುದೂ ಇದೇ.

ಆಮೇಲೆ ಗಡಿಯಾರ ನೋಡು. ಒಂದು ಮೇಜಿನ ಒಂದು ಗಂಟೆಯನ್ನು ಒಡೆದು ಬರೆ: ಆರ್ಡರ್ ಕೊಡುವವರೆಗೆ ಎಷ್ಟು, ತಟ್ಟೆ ಬರುವವರೆಗೆ ಎಷ್ಟು, ತಿಂದದ್ದು ಎಷ್ಟು ಹೊತ್ತು, ಬಿಲ್ಲಿಗೆ ಕಾದದ್ದು ಎಷ್ಟು, ಎದ್ದ ಮೇಲೆ ಮೇಜು ಒರೆಸುವವರೆಗೆ ಎಷ್ಟು. ತಿನ್ನುವ ಹೊತ್ತನ್ನು ಕತ್ತರಿಸಿದರೆ ಗಿರಾಕಿ ಮತ್ತೆ ಬರುವುದಿಲ್ಲ. ಬಿಲ್ಲಿನ ಕಾಯುವಿಕೆ ಯಾರಿಗೂ ಬೇಕಿಲ್ಲ. ಅಲ್ಲಿ ಮತ್ತು ಒರೆಸುವಲ್ಲಿ ಹನ್ನೆರಡು ನಿಮಿಷ ಉಳಿದರೆ ಅರವತ್ತು ನಲವತ್ತೆಂಟಾಗುತ್ತದೆ. ಎರಡು ಗಂಟೆಯ ರಶ್ಶಿನಲ್ಲಿ ಹತ್ತು ಮೇಜುಗಳಿಗೆ ಇಪ್ಪತ್ತು ತಂಡಗಳ ಬದಲು ಇಪ್ಪತ್ತೈದು. ಅಡುಗೆಮನೆಗೆ ಅಷ್ಟು ತಟ್ಟೆ ಹೊರಡಿಸುವ ತ್ರಾಣ ಇದ್ದರೆ ಮಾತ್ರ, ಅದನ್ನು ಮರೆಯಬೇಡ. ಒಲೆ ಹಿಂದೆ ಬಿದ್ದಿರುವಾಗ ಮೇಜು ಬೇಗ ಖಾಲಿ ಮಾಡಿಸಿದರೆ ಬಾಗಿಲಲ್ಲಿ ಕಾಯುತ್ತಿದ್ದವರು ಮೇಜಿನ ಮುಂದೆ ಕಾಯುತ್ತಾರೆ, ಅಷ್ಟೇ. ಸಪ್ಲೈಯರ್‌ಗಳು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರೆ ತಡೆ ಒಲೆಯ ಬಳಿ ಇದೆ. ಸಿದ್ಧವಾದ ತಟ್ಟೆಗಳು ಕಟ್ಟೆಯ ಮೇಲೆ ಆರುತ್ತಿದ್ದರೆ ತಡೆ ಬಡಿಸುವವರಲ್ಲಿ.

ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ 1972ರಲ್ಲಿ ದುಡ್ಡಿನ ಇಕ್ಕಟ್ಟಿಗೆ ತನ್ನ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ವೇಳಾಪಟ್ಟಿ ಕಡಿಮೆ ಮಾಡಲಿಲ್ಲ. ಇಳಿದ ವಿಮಾನವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಹೊರಡಿಸುವ ಪದ್ಧತಿ ತಂದು, ನಾಲ್ಕರ ಕೆಲಸವನ್ನು ಮೂರರಿಂದ ಮಾಡಿಸಿದರು. ನೀನು ಮೋಟರಿಗೆ ತಂತಿ ಸುತ್ತುವ ಎರಡನೇ ವೈಂಡಿಂಗ್ ಮೆಷಿನ್ನಿಗೆ ಸಾಲ ಕೇಳಲು ಹೊರಡುವ ಮುಂಚೆ, ಮೊದಲನೆಯದು ದಿನಕ್ಕೆ ಎಷ್ಟು ಹೊತ್ತು ಸುಮ್ಮನೆ ನಿಂತಿರುತ್ತದೆ ಎಂದು ಒಂದು ವಾರ ಬರೆದಿಡು.

ಇನ್ನು ಎಲ್ಲರೂ ಎಡವುವ ಲೆಕ್ಕ. ಹತ್ತು ಕಿಲೋ ತರಕಾರಿ ತಂದು, ಸಿಪ್ಪೆ, ಕಾಂಡ, ಕೊಳೆತದ್ದು ತೆಗೆದ ಮೇಲೆ ಉಳಿದದ್ದು ಏಳು ಕಿಲೋ. ಮೂವತ್ತು ಪರ್ಸೆಂಟ್ ಹೋಯಿತು, ಹಾಗಾಗಿ ಬೆಲೆಗೆ ಮೂವತ್ತು ಸೇರಿಸಿದರೆ ಸರಿಹೋಯಿತು ಅಂದುಕೊಳ್ಳುತ್ತಾರೆ. ತಪ್ಪು. ಕೊಂಡ ಬೆಲೆಯನ್ನು 0.7ರಿಂದ ಭಾಗಿಸಬೇಕು, ನೂರು ಇದ್ದದ್ದು ಸುಮಾರು ನೂರ ನಲವತ್ತಮೂರಾಗುತ್ತದೆ. ನಿನ್ನಲ್ಲಿ ತರಕಾರಿಯ ಜಾಗದಲ್ಲಿ ಸಂಬಳ. ಗಂಟೆಗೆ ನೂರರಂತೆ ಹತ್ತು ಗಂಟೆಗೆ ಸಂಬಳ ಕೊಟ್ಟು ಗಿರಾಕಿಗೆ ಬಿಲ್ಲು ಮಾಡಲು ಸಿಕ್ಕಿದ್ದು ಏಳು ಗಂಟೆ ಎಂದರೆ, ಆ ಗಂಟೆಯ ಅಸಲು ನೂರ ನಲವತ್ತಮೂರೇ. ಕೊಟೇಶನ್ ಅಲ್ಲಿಂದ ಶುರುವಾಗಬೇಕು.

ಪರ್ಸೆಂಟಿನ ಮೋಹ ಇನ್ನೊಂದು ಕಡೆಯೂ ಕಚ್ಚುತ್ತದೆ. ನೂರಕ್ಕೆ ಮಾರುವ ತಿಂಡಿಗೆ ಸಾಮಾನಿನ ಖರ್ಚು ಇಪ್ಪತ್ತೈದು, ಇನ್ನೂರೈವತ್ತಕ್ಕೆ ಮಾರುವುದಕ್ಕೆ ನೂರಹತ್ತು. ಪರ್ಸೆಂಟ್ ನೋಡುವವನು ಎರಡನೆಯದನ್ನು ಮೆನುವಿನಿಂದ ತೆಗೆಯುತ್ತಾನೆ. ಕೈಯಲ್ಲಿ ಉಳಿಯುವುದು ಮೊದಲನೆಯದರಿಂದ ಎಪ್ಪತ್ತೈದು, ಎರಡನೆಯದರಿಂದ ನೂರ ನಲವತ್ತು. ಒಲೆಯ ಮೇಲೆ ಎರಡೂ ಸಮ ಹೊತ್ತು ಹಿಡಿದರೆ ಎರಡನೆಯದೇ ವಾಸಿ. ಅದು ಮೂರರಷ್ಟು ಹೊತ್ತು ತಿಂದರೆ ಮೊದಲನೆಯದು. ಒಂದೊಂದು ರಿಪೇರಿಯೂ ಬೆಂಚಿನ ಒಂದು ಗಂಟೆಗೆ ಎಷ್ಟು ಉಳಿಸಿತು ಎಂದು ಕೇಳು.

ಹಾಗೆ ಕೇಳಿದರೆ ನೀನು ಒಪ್ಪಿಕೊಳ್ಳುವ ಕೆಲಸಗಳ ಪಟ್ಟಿ ತಾನಾಗಿ ಸಣ್ಣದಾಗುತ್ತದೆ. 1948ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಮೆಕ್‌ಡೊನಾಲ್ಡ್ ಸಹೋದರರು ಚೆನ್ನಾಗಿ ನಡೆಯುತ್ತಿದ್ದ ಅಂಗಡಿಯನ್ನೇ ಮುಚ್ಚಿ, ಮೆನುವನ್ನು ಒಂಬತ್ತಕ್ಕೆ ಇಳಿಸಿ, ತಟ್ಟೆಯ ಬದಲು ಕಾಗದ ತಂದು ಮತ್ತೆ ತೆರೆದರು. ಮೊದಮೊದಲು ಗಿರಾಕಿಗಳು ಕಡಿಮೆಯಾದರು, ಇದು ನಿನಗೂ ಆಗುತ್ತದೆ. ಕೆಲವು ತಿಂಗಳು ತಡೆದುಕೊಳ್ಳುವಷ್ಟು ಕೈಗಾಸು ಇಟ್ಟುಕೊಂಡೇ ಪಟ್ಟಿಗೆ ಕತ್ತರಿ ಹಾಕು.

ರಿಯಾಯಿತಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಮಾನದವರು ಸುಮ್ಮನೆ ಅಗ್ಗ ಮಾಡುವುದಿಲ್ಲ. ಮುಂಚೆ ಬುಕ್ ಮಾಡು, ರದ್ದು ಮಾಡಿದರೆ ಹಣ ವಾಪಸ್ ಇಲ್ಲ ಎಂಬ ಷರತ್ತು ಕಟ್ಟುತ್ತಾರೆ. ಷರತ್ತಿಲ್ಲದ ರಿಯಾಯಿತಿ ಪೂರ್ತಿ ಕೊಡಲು ತಯಾರಿದ್ದವನಿಗೇ ಸಲ್ಲುತ್ತದೆ. ಮೋಟರನ್ನು ಸೋಮವಾರ ತಂದು ವಾರವಿಡೀ ನಿನ್ನಲ್ಲಿ ಬಿಡುವವನಿಗೆ ಕಡಿಮೆ ಮಾಡು, ಇವತ್ತೇ ಬೇಕೆನ್ನುವವನಿಗೆ ಬೇಡ.

ಕೊನೆಗೆ, ಕೊಟ್ಟ ಮಾತು. ಬುಕ್ ಮಾಡಿದವರಲ್ಲಿ ಕೆಲವರು ಬಾರದೇ ಇರುತ್ತಾರೆಂದು ವಿಮಾನದವರು ನೂರು ಸೀಟಿಗೆ ನೂರಕ್ಕಿಂತ ಹೆಚ್ಚು ಟಿಕೆಟ್ ಮಾರುತ್ತಾರೆ. ಎಲ್ಲರೂ ಬಂದುಬಿಟ್ಟ ದಿನ ಹಿಂದೆ ಯಾರಿಗೋ ಒಬ್ಬರಿಗೆ ‘ಸೀಟಿಲ್ಲ’ ಅನ್ನುತ್ತಿದ್ದರು. ಜೂಲಿಯನ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞ, ಪರಿಹಾರ ಕೊಟ್ಟು ಸ್ವಇಚ್ಛೆಯಿಂದ ಬಿಟ್ಟುಕೊಡುವವರನ್ನು ಕೇಳಿ ಎಂದು ಪಟ್ಟುಹಿಡಿದ. 1978ರ ಹೊತ್ತಿಗೆ ಅಮೆರಿಕ ಅದನ್ನು ಜಾರಿಗೆ ತಂದಿತು. ಗುರುವಾರಕ್ಕೆ ಐದು ಮೋಟರ್ ಒಪ್ಪಿಕೊಂಡು ನಾಲ್ಕೇ ಆಗುವ ಹಾಗಿದ್ದರೆ, ಅದು ನಿನಗೆ ಮಂಗಳವಾರವೇ ಗೊತ್ತಿರುತ್ತದೆ. ಅವತ್ತೇ ಐವರಿಗೂ ಫೋನ್ ಮಾಡಿಸಿ, ಶನಿವಾರದವರೆಗೆ ಕಾಯಬಲ್ಲವರು ಯಾರು, ಬದಲಿಗೆ ಬಿಲ್ಲಿನಲ್ಲಿ ಎಷ್ಟು ಬಿಡಬೇಕು ಎಂದು ಕೇಳು. ಎಷ್ಟರವರೆಗೆ ಬಿಡಬಹುದೆಂದು ಕೌಂಟರಿನ ಹುಡುಗನಿಗೆ ಮೊದಲೇ ಹೇಳಿರು. ಪ್ರತಿಸಲ ‘ಸಾಹೇಬರನ್ನು ಕೇಳಿ ಹೇಳ್ತೀನಿ’ ಅಂದರೆ ಗಿರಾಕಿಯ ಸಿಟ್ಟು ಏರುತ್ತಲೇ ಹೋಗುತ್ತದೆ.

ಬೆಂಚುಗಳ ನಕ್ಷೆ ಬರೆದಾದ ಮೇಲೆ ಒಂದು ಪ್ರತಿ ಕಳಿಸು. ಗೋಡೆಗೆ ಮೊಳೆ ಹೊಡೆಯುವ ಮುಂಚೆ ಕಳಿಸು.

ಇಂತಿ,
ನಿನ್ನ ಮಾವ