ನಾನು ಕೇಳಿದ್ದು ಹೊಳಪಲ್ಲ, ಉರಿ

ನಮಸ್ಕಾರ,

ಹಳೇ ಹಿತ್ತಾಳೆ ಸಾಮಾನು ರಿಪೇರಿ ಮಾಡಿಕೊಡುವ ನಿಮ್ಮ ಸಂಸ್ಥೆಗೆ ಇದು ನನ್ನ ಮೂರನೇ ದೂರು: ನೀವು ರಿಪೇರಿ ಮಾಡಿಕೊಟ್ಟ ಸ್ಟೌ ಹಚ್ಚಿದರೆ ಬರ್ನರಿನ ಬುಡದಿಂದ ಬೆಂಕಿ ಬಂತು. ಮೊದಲೆರಡಕ್ಕೂ "ಗ್ರಾಹಕರು ಸ್ಟೌ ಸರಿಯಾಗಿ ಬಿಸಿ ಮಾಡಿಲ್ಲ" ಅಂತ ಒಂದೇ ಸಾಲಿನ ಉತ್ತರ ಬಂತು. ಹಾಗಾಗಿ ಈ ಸಲ ಬಿಡಿಸಿಯೇ ಬರೆಯುತ್ತೇನೆ.

ನಾನು ಕೊಟ್ಟಿದ್ದು ಸ್ವೀಡನ್ನಿನ ಪ್ರೈಮಸ್ ಕಂಪನಿಯ ಸೀಮೆಎಣ್ಣೆ ಪಂಪ್ ಸ್ಟೌ. ಕಾಲು, ಬರ್ನರ್ ಎಲ್ಲ ಬಿಚ್ಚಿ ತಗಡಿನ ಡಬ್ಬಿಯಲ್ಲಿ ತುಂಬಿಕೊಂಡು ಹೋಗುವಂಥದ್ದು. ಅಜ್ಜ ಸರ್ವೆ ಇಲಾಖೆಯಲ್ಲಿದ್ದರು. ಅವರ ಬಾಯಲ್ಲಿ 'ಕ್ಯಾಂಪ್' ಅಂದರೆ ಮೋಜಲ್ಲ, ಅಳತೆಯ ಚೈನು ಹೊರಿಸಿಕೊಂಡು ಊರೂರು ಅಲೆಯುವ ನೌಕರಿ. ಹೋದಲ್ಲೆಲ್ಲ ಅನ್ನ ಬೆಂದಿದ್ದು ಇದರ ಮೇಲೆ. ಪಂಪಿನ ಚರ್ಮದ ವಾಷರ್ ಒಣಗಿ ಗಾಳಿ ಹಿಡಿಯುತ್ತಿರಲಿಲ್ಲ, ಅದೊಂದನ್ನು ಬದಲಾಯಿಸಿ ಎಂದಷ್ಟೇ ನಾನು ಕೇಳಿದ್ದು. ನೀವು ಕೇಳದೇ ಇಡೀ ಸ್ಟೌ ಬಿಚ್ಚಿ, ಪಾಲಿಶ್ ಹೊಡೆದು, 3,800 ರೂಪಾಯಿ ಬಿಲ್ ಕೈಗಿಟ್ಟಿರಿ.

ಡಿಸೆಂಬರಿನಲ್ಲಿ ಮೂಡಿಗೆರೆ ಹತ್ತಿರ ಗೆಳೆಯನ ಕಾಫಿ ತೋಟದಲ್ಲಿ ಟೆಂಟ್ ಹಾಕಿದ್ದೆವು. ಬೆಳಿಗ್ಗೆ ಚಹಾಕ್ಕೆ ಅಂತ ಸ್ಟೌ ತೆಗೆದೆ. ಬರ್ನರ್ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಿದೆ, ಅದು ಆರುವ ಹೊತ್ತಿಗೆ ಗಾಳಿ ಸ್ಕ್ರೂ ಮುಚ್ಚಿ ಪಂಪ್ ಹೊಡೆದೆ. ನೀಲಿ ಉರಿ ಬಂತು, ಆ ಭೋರ್ ಸದ್ದೂ ಬಂತು. ಅಂದರೆ ಬರ್ನರ್ ಚೆನ್ನಾಗಿಯೇ ಕಾದಿತ್ತು. ಕಾಯದಿದ್ದರೆ ಸೀಮೆಎಣ್ಣೆ ಆವಿಯಾಗದೆ ಹಳದಿ ಉರಿ ಭಗ್ ಅಂತ ಏಳುತ್ತದೆ, ಪಂಪ್ ಸ್ಟೌ ಹಚ್ಚಿದ ಯಾರನ್ನು ಕೇಳಿದರೂ ಹೇಳುತ್ತಾರೆ. ನಿಮ್ಮಲ್ಲಿ ಉತ್ತರ ಬರೆಯುವವರು ಹಚ್ಚಿಲ್ಲ ಅಂತ ಕಾಣುತ್ತೆ.

ನೀರು ಕುದಿಯುವ ಮೊದಲೇ ಸುಟ್ಟ ರಬ್ಬರಿನ ವಾಸನೆ. ಬಗ್ಗಿ ನೋಡಿದರೆ ಬೆಂಕಿ ಮೇಲಿಂದಲ್ಲ, ಬರ್ನರ್ ಟ್ಯಾಂಕಿಗೆ ಕೂರುವ ಸಂದಿಯಿಂದ ಬರುತ್ತಿದೆ! ಗಾಳಿ ಸ್ಕ್ರೂ ಬಿಚ್ಚಿ ಒತ್ತಡ ಇಳಿಸಿ, ಹತ್ತಿರವಿದ್ದ ಒದ್ದೆ ಗೋಣಿಚೀಲ ಎಸೆದೆವು. ಟೆಂಟಿನಿಂದ ಹತ್ತು ಹೆಜ್ಜೆ ದೂರ ಇಟ್ಟಿದ್ದೆ, ಬಚಾವು.

ತಣ್ಣಗಾದ ಮೇಲೆ ಬರ್ನರ್ ಬಿಚ್ಚಿದರೆ ಒಳಗೆ ಕರಗಿ ಅಂಟಿಕೊಂಡ ಕಪ್ಪು ರಬ್ಬರ್. ಸ್ವಾಮಿ, ನೀವು ಬಿಚ್ಚುವ ಮೊದಲು ಅಲ್ಲಿ ಇದ್ದದ್ದು ಸೀಸದ ವಾಷರ್. ಸೀಸ ಮೆತ್ತಗೆ, ಬಿಗಿ ಮಾಡಿದಾಗ ಸಂದಿಗೆ ಒತ್ತಿಕೊಂಡು ಕೂರುತ್ತದೆ, ಬಿಸಿಯನ್ನೂ ತಾಳಿಕೊಳ್ಳುತ್ತದೆ. ರಬ್ಬರ್ ಏನಿದ್ದರೂ ಪಂಪಿನ ಬುಡದ ವಾಲ್ವಿಗೆ, ಎಣ್ಣೆ ಮುಚ್ಚಳಕ್ಕೆ, ತಣ್ಣಗಿರುವ ಕಡೆ. 1911ರಲ್ಲಿ ನಾರ್ವೆಯ ಅನ್ವೇಷಕ ಅಮುಂಡ್ಸೆನ್ ದಕ್ಷಿಣ ಧ್ರುವಕ್ಕೆ ಒಯ್ದದ್ದೂ ಪ್ರೈಮಸ್ ಸ್ಟೌವೇ. ನನ್ನದು ನಿಮ್ಮ ಕೈಗೆ ಹೋಗಿ ಬಂದು ಒಂದು ಲೋಟ ಚಹಾ ಕಾಯಿಸಲಿಲ್ಲ.

ಚರ್ಮದ ವಾಷರ್ ಮಾತ್ರ ಚೆನ್ನಾಗಿ ಹಾಕಿದ್ದೀರಿ, ಎಣ್ಣೆಯಲ್ಲಿ ನೆನೆಸಿಯೇ ಹಾಕಿದ್ದೀರಿ. ಅಷ್ಟಕ್ಕೇ ಬಿಟ್ಟಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ.

ಇನ್ನೊಂದು ಹೇಳಲೇಬೇಕು. ಟ್ಯಾಂಕಿನ ಮೇಲೆ ಒಂದು ಪುಟ್ಟ ಅಕ್ಷರ ಒತ್ತಿತ್ತು. 1911ರಿಂದ ಪ್ರೈಮಸ್‌ನವರು ತಯಾರಾದ ವರ್ಷಕ್ಕೆ ಹಾಗೆ ಅಕ್ಷರ ಹಾಕುತ್ತಿದ್ದರು. ನಾನು ಸೋಮಾರಿ, ಎಲ್ಲೂ ಬರೆದಿಟ್ಟುಕೊಂಡಿರಲಿಲ್ಲ. ಪಾಲಿಶ್ ಹೊಡೆಯುವ ನಿಮ್ಮ ಬಫಿಂಗ್ ಚಕ್ರ ಅದನ್ನು ಪೂರ್ತಿ ಸವೆಸಿಬಿಟ್ಟಿದೆ. ಸೀಸದ ವಾಷರ್ ಬೇರೆ ಸಿಗುತ್ತದೆ, ಆ ಅಕ್ಷರ ಎಲ್ಲಿಂದ ತರಲಿ?

ಚರ್ಮದ ವಾಷರ್ ಮತ್ತು ಅದನ್ನು ಹಾಕಿದ ಕೂಲಿ ಎಷ್ಟೋ ಅಷ್ಟು ಹಿಡಿದುಕೊಂಡು ಮಿಕ್ಕ ಹಣ ವಾಪಸ್ ಮಾಡಿ. ಬಿಚ್ಚಿಟ್ಟ ಹಳೇ ಭಾಗಗಳೆಲ್ಲ ನನಗೆ ಬೇಕು, ಗುಜರಿಗೆ ಹಾಕಿದ್ದರೆ ಹಾಗಂತ ಬರೆದು ತಿಳಿಸಿ. ಬೇರೆ ಯಾರ ಸ್ಟೌವಿಗಾದರೂ ಇದೇ ರಬ್ಬರ್ ಹಾಕಿದ್ದರೆ ಇವತ್ತೇ ಫೋನ್ ಮಾಡಿ ಹಚ್ಚಬೇಡಿ ಅನ್ನಿ, ನನ್ನ ದುಡ್ಡು ಆಮೇಲೆ ಕೊಟ್ಟರೂ ನಡೆಯುತ್ತದೆ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಕರಗಿದ ವಾಷರ್ ಮತ್ತು ನಿಮ್ಮ ಬಿಲ್ ಹಿಡಿದು ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಮುಂದಿನ ರಿಪೇರಿಗೆ ಡಿಸ್ಕೌಂಟ್ ಕೂಪನ್ ಮಾತ್ರ ದಯವಿಟ್ಟು ಕಳಿಸಬೇಡಿ.

ಇಂತಿ,
ಪ್ರೈಮಸ್ ಸ್ಟೌ ಕೊಟ್ಟಿದ್ದ ಗ್ರಾಹಕ