ಮನೆ ಕೊಳ್ಳುವ ಮೊದಲು: ಅಮೆರಿಕದ ಶಾಲೆಗಳ ಕುರಿತು ಸೋದರಳಿಯನಿಗೆ ಪತ್ರ

ಸ್ಯಾಕ್ರಮೆಂಟೊ
ಡಿಸೆಂಬರ್ 2025

ಚಿರಂಜೀವಿ ಸುಮಂತನಿಗೂ ಚಿ.ಸೌ. ವಾಣಿಗೂ ನಿಮ್ಮ ಅತ್ತೆ ಮಾಡುವ ಆಶೀರ್ವಾದಗಳು. ಉಭಯಕುಶಲೋಪರಿ.

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ ಮನೆ ನೋಡಿ ಬಂದಿದ್ದೀರಿ, ಬೆಲೆ ಕೈಗೆಟುಕುವಂತಿಲ್ಲ, ಆದರೂ ಅಲ್ಲಿನ ಶಾಲೆಗಳ ಸಲುವಾಗಿ ಮೂವತ್ತು ವರ್ಷದ ಸಾಲಕ್ಕೆ ಸಹಿ ಹಾಕುವ ಯೋಚನೆಯಲ್ಲಿದ್ದೀರಿ ಎಂದು ಬರೆದು ನನ್ನ ಅಭಿಪ್ರಾಯ ಕೇಳಿದ್ದೀಯ. ಮನೆ ಮನಸ್ಸಿಗೆ ಒಪ್ಪಿ, ಕೆಲಸಕ್ಕೂ ಹತ್ತಿರವಾಗಿ, ಸಾಲ ತೀರಿಸುವ ಧೈರ್ಯವೂ ಇದ್ದು ಕೊಳ್ಳುವುದಾದರೆ ನನ್ನ ಅಡ್ಡಿಯಿಲ್ಲ. ಶಾಲೆಗಾಗಿಯೇ ಕೊಳ್ಳುವುದಾದರೆ ಬೇಡ ಎನ್ನುತ್ತೇನೆ. ಈ ದೇಶದಲ್ಲಿ ಊರೂರಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಬಹುತೇಕ ಕಡೆ ಊರಿನವರೇ ಚುನಾಯಿಸಿದ ಐದೋ ಏಳೋ ಮಂದಿಯ ಬೋರ್ಡು ಸಭೆ ಸೇರಿ ಶಾಲೆಗಳನ್ನು ನಡೆಸುತ್ತದೆ. ಆ ಸಭೆಗಳಲ್ಲಿ ನಮ್ಮವರ ಮುಖ ಕಾಣುವುದು ಅಪರೂಪ. ಶಾಲೆಗಾಗಿ ಇಷ್ಟು ದೊಡ್ಡ ಮೊತ್ತ ಸುರಿಯಲು ಸಿದ್ಧರಿರುವವರು ಶಾಲೆಯ ನಿರ್ಧಾರಗಳಾಗುವ ಜಾಗಕ್ಕೆ ಕಾಲಿಡದೆ ಇರುವುದು ನನಗೆ ಎಂದಿಗೂ ಅರ್ಥವಾಗಿಲ್ಲ.

ಮೊದಲು ಹಣದ ವಿಷಯ. ದುಬಾರಿ ಊರಿನ ಶಾಲೆಗೆ ಹೆಚ್ಚು ಹಣ ಸಿಗುತ್ತದೆ ಎಂಬ ನಿನ್ನ ನಂಬಿಕೆ ಅಮೆರಿಕದ ಹಲವು ರಾಜ್ಯಗಳಲ್ಲಿ ನಿಜವೇ, ಏಕೆಂದರೆ ಶಾಲೆಯ ಆದಾಯದ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಟೆಕ್ಸಾಸ್‌ನ ಬಡ ಡಿಸ್ಟ್ರಿಕ್ಟೊಂದರ ಪೋಷಕರು ಇದು ಅನ್ಯಾಯವೆಂದು ಸುಪ್ರೀಂ ಕೋರ್ಟಿನವರೆಗೆ ಹೋದಾಗ, ಶಿಕ್ಷಣವು ದೇಶದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದು 1973ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪಾಯಿತು. ಅಂದಿನಿಂದ ಈ ಜಗಳವೆಲ್ಲ ಆಯಾ ರಾಜ್ಯಗಳ ನ್ಯಾಯಾಲಯಗಳಲ್ಲೇ ನಡೆದುಕೊಂಡು ಬಂದಿದೆ. ಆದರೆ ಕ್ಯಾಲಿಫೋರ್ನಿಯಾದ ಕಥೆ ಬೇರೆ. ಇಲ್ಲಿ ಮತದಾರರೇ 1978ರಲ್ಲಿ ಒಪ್ಪಿದ ಪ್ರೊಪೊಸಿಷನ್ 13 ಎಂಬ ಕಾನೂನು ಆಸ್ತಿ ತೆರಿಗೆಯನ್ನು ಶೇ. 1ಕ್ಕೆ ಕಟ್ಟಿಹಾಕಿ, ಮನೆ ಮಾರಾಟವಾಗುವವರೆಗೆ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರದಂತೆ ಮಾಡಿತು. (ಪಕ್ಕದ ಮನೆಯ ಮುದುಕರು ನಲವತ್ತು ವರ್ಷದ ಹಿಂದಿನ ಬೆಲೆಯ ಲೆಕ್ಕದಲ್ಲಿ ತೆರಿಗೆ ಕಟ್ಟುತ್ತಿರುವಾಗ ನೀನು ಇಂದಿನ ಬೆಲೆಯ ಲೆಕ್ಕದಲ್ಲಿ ಕಟ್ಟಬೇಕಾಗುತ್ತದೆ ಎಂಬುದನ್ನೂ ನಿನ್ನ ಲೆಕ್ಕದಲ್ಲಿ ಸೇರಿಸಿಕೋ.) 2013ರಿಂದ ಈಚೆಗೆ ರಾಜ್ಯ ಸರ್ಕಾರವೇ ಒಂದು ಸೂತ್ರದ ಪ್ರಕಾರ ಹಣ ಹಂಚುತ್ತಿದೆ, ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಹೆತ್ತವರಿಂದ ದೂರವಾಗಿ ಸಾಕುಮನೆಯಲ್ಲಿರುವ ಮಕ್ಕಳು ಹೆಚ್ಚಿರುವ ಡಿಸ್ಟ್ರಿಕ್ಟ್‌ಗೆ ಹೆಚ್ಚು ಕೊಡುತ್ತದೆ. ಆಸ್ತಿ ತೆರಿಗೆಯೇ ಆ ಸೂತ್ರದ ಮೊತ್ತವನ್ನು ಮೀರುವ ಕೆಲವು ಶ್ರೀಮಂತ ಡಿಸ್ಟ್ರಿಕ್ಟ್‌ಗಳನ್ನು ಬಿಟ್ಟರೆ, ಮನೆಯ ಬೆಲೆಗೂ ಶಾಲೆಯ ಬೊಕ್ಕಸಕ್ಕೂ ನೀನು ತಿಳಿದಷ್ಟು ನೇರ ಸಂಬಂಧವಿಲ್ಲ. ಮನೆ ಮಾರುವ ಜಾಲತಾಣಗಳು ಶಾಲೆಯ ಹೆಸರಿನ ಮುಂದೆ ತೋರಿಸುವ ಒಂಬತ್ತು, ಹತ್ತು ಅಂಕಗಳೂ ಬಹುಪಾಲು ಆ ಊರಿನ ತಂದೆತಾಯಿಯರ ಓದು ಮತ್ತು ವರಮಾನವನ್ನೇ ಅಳೆಯುತ್ತವೆ.

ನೀನು ಮನೆ ನೋಡಿದ ಕ್ಯುಪರ್ಟಿನೊದಲ್ಲಿಯೇ ಮಕ್ಕಳ ಸಂಖ್ಯೆ ಇಳಿಯಿತೆಂದು 2022ರಲ್ಲಿ ಪ್ರಾಥಮಿಕ ಶಾಲೆಗಳನ್ನು ಮುಚ್ಚಿದರು. ಒಳ್ಳೆಯ ಶಾಲೆಗೆಂದು ಬಂದವರಿಂದ ಮನೆಯ ಬೆಲೆ ಏರಿತು, ಬೆಲೆ ಏರಿದ ಮೇಲೆ ಚಿಕ್ಕ ಮಕ್ಕಳಿರುವ ಸಂಸಾರಗಳಿಗೆ ಆ ಊರು ಎಟುಕದಾಯಿತು. ಜನನ ಪ್ರಮಾಣವೂ ಇಳಿದಿರುವುದರಿಂದ ಈ ಸಂಕಟ ಅಲ್ಲಿಗೆ ಮಾತ್ರ ಸೀಮಿತವಲ್ಲ. ಇನ್ನು ಕೆಲವು ವರ್ಷಗಳಲ್ಲಿ ಕಾಲೇಜುಗಳನ್ನೂ ಮುಟ್ಟುತ್ತದೆ, ಸಣ್ಣ ಖಾಸಗಿ ಕಾಲೇಜುಗಳು ಈಗಾಗಲೇ ಬಾಗಿಲು ಹಾಕುತ್ತಿವೆ.

ಈಗ ಚಿಕ್ಕವನ ವಿಷಯಕ್ಕೆ ಬರುತ್ತೇನೆ; ವಾಣಿ ಫೋನಿನಲ್ಲಿ ಹೇಳಿದ ಮಾತು ಮನೆಯ ಬೆಲೆಗಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿದೆ. ಒಂದನೇ ತರಗತಿಯ ಹುಡುಗ ಚಿತ್ರ ನೋಡಿ ಪದವನ್ನು ಊಹಿಸುತ್ತಾನೆ, ಅಕ್ಷರ ಕೂಡಿಸಿ ಓದುವುದಿಲ್ಲ ಎಂದಳು. ಇದು ಅವನೊಬ್ಬನ ದೋಷವಲ್ಲ. ಅಮೆರಿಕದ ಬಹಳಷ್ಟು ಶಾಲೆಗಳು ದಶಕಗಳ ಕಾಲ ಹೀಗೆಯೇ ಕಲಿಸಿದವು: ಪುಸ್ತಕಗಳ ನಡುವೆ ಮಗುವನ್ನು ಬಿಟ್ಟರೆ ಓದು ತಾನಾಗಿ ಬರುತ್ತದೆ, ತಿಳಿಯದ ಪದ ಬಂದರೆ ಚಿತ್ರವನ್ನೋ ಹಿಂದುಮುಂದಿನ ವಾಕ್ಯವನ್ನೋ ನೋಡಿ ಊಹಿಸಲಿ ಎಂದು. ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಕ್ರಮವಾಗಿ ಕಲಿಸಬೇಕು ಎಂದು ಸರ್ಕಾರವೇ ನೇಮಿಸಿದ್ದ ತಜ್ಞರ ಸಮಿತಿ 2000ದಲ್ಲಿಯೇ ಹೇಳಿತ್ತು. ಕಾಗುಣಿತ ತಿದ್ದಿ ಬೆಳೆದ ನಮಗೆ ಇದರಲ್ಲಿ ಹೊಸದೇನೂ ಕಾಣದು. ಫಲ ಏನಾಗಿದೆ ನೋಡು: 2024ರ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ನಾಲ್ಕನೇ ತರಗತಿಯ ಶೇ. 40ರಷ್ಟು ಮಕ್ಕಳು ಓದಿನಲ್ಲಿ ಕನಿಷ್ಠ ಮಟ್ಟವನ್ನೂ ಮುಟ್ಟಲಿಲ್ಲ, ಎಂಟನೇ ತರಗತಿಯಲ್ಲಿ ಮೂರರಲ್ಲಿ ಒಬ್ಬರು. ಕೋವಿಡ್ ಕಾಲದ ನಷ್ಟವನ್ನು ತುಂಬಲು ಕೇಂದ್ರ ಸರ್ಕಾರ ಮೂರು ಕಂತುಗಳಲ್ಲಿ ಸುಮಾರು 190 ಬಿಲಿಯನ್ ಡಾಲರ್ ಕೊಟ್ಟ ಮೇಲಿನ ಸ್ಥಿತಿ ಇದು.

ಇದೇ ಅವಧಿಯಲ್ಲಿ ಯಾರೂ ನಿರೀಕ್ಷಿಸದ ಕಡೆಯಿಂದ ಒಳ್ಳೆಯ ಸುದ್ದಿ ಬಂತು. ದೇಶದ ಅತ್ಯಂತ ಬಡ ರಾಜ್ಯಗಳಲ್ಲಿ ಒಂದಾದ ಮಿಸಿಸಿಪ್ಪಿ 2013ರಲ್ಲಿ ನಾಲ್ಕನೇ ತರಗತಿಯ ಓದಿನಲ್ಲಿ 49ನೇ ಸ್ಥಾನದಲ್ಲಿತ್ತು. ಆ ವರ್ಷ ಅದೊಂದು ಕಾನೂನು ಮಾಡಿತು: ಶಿಕ್ಷಕರಿಗೆ ಧ್ವನಿಕ್ರಮದ ಬೋಧನೆಯಲ್ಲಿ ತರಬೇತಿ, ಹಿಂದುಳಿದ ಶಾಲೆಗಳಿಗೆ ಮಾರ್ಗದರ್ಶಕರು, ಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ತಪಾಸಣೆ, ಮೂರನೇ ತರಗತಿಯ ಕೊನೆಗೂ ಓದಲು ಬಾರದವರನ್ನು ಅಲ್ಲಿಯೇ ಉಳಿಸಿ ಮತ್ತೆ ಕಲಿಸುವುದು. 2024ರಲ್ಲಿ ಅದು ಒಂಬತ್ತನೇ ಸ್ಥಾನಕ್ಕೆ ಬಂದಿತು. ಮಗುವನ್ನು ಅದೇ ತರಗತಿಯಲ್ಲಿ ಉಳಿಸುವುದರ ಬಗ್ಗೆ ವಾದವಿವಾದಗಳಿವೆ, ನನಗೂ ಅದು ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಈ ದೇಶದ ಶಾಲಾ ಸುಧಾರಣೆಗಳಲ್ಲಿ ನಾನು ಮನಸಾರೆ ಮೆಚ್ಚಿದ್ದು ಇದನ್ನೇ, ಏಕೆಂದರೆ ಇದು ಘೋಷಣೆಯಲ್ಲಿ ನಿಲ್ಲದೆ ತರಗತಿಯ ಒಳಗೆ ಹೋಯಿತು.

ಕ್ಯಾಲಿಫೋರ್ನಿಯಾ ತಡವಾಗಿ ಎಚ್ಚೆತ್ತಿದೆ. ಕಿಂಡರ್‌ಗಾರ್ಟನ್‌ನಿಂದ ಎರಡನೇ ತರಗತಿಯವರೆಗಿನ ಮಕ್ಕಳಿಗೆ ಓದಿನ ತೊಂದರೆಯ ತಪಾಸಣೆಯನ್ನು ಈ ಶೈಕ್ಷಣಿಕ ವರ್ಷದಿಂದ ಕಡ್ಡಾಯ ಮಾಡಿದೆ. ಅದರ ಫಲಿತಾಂಶವನ್ನು ಕೇಳಿ ಪಡೆಯಿರಿ. ಅನುಮಾನ ಉಳಿದರೆ, ವಿಶೇಷ ಶಿಕ್ಷಣದ ಕಾಯ್ದೆಯ ಪ್ರಕಾರ ಮಗುವನ್ನು ಪರೀಕ್ಷಿಸಬೇಕೆಂದು ಪತ್ರ ಬರೆದು ಕೇಳಿ, ಬಾಯಿಮಾತಿನಲ್ಲಿ ಕೇಳಬೇಡಿ. ಲಿಖಿತ ಮನವಿ ತಲುಪಿದ ಹದಿನೈದು ದಿನಗಳಲ್ಲಿ ಪರೀಕ್ಷೆಯ ಯೋಜನೆಯನ್ನು ನಿಮಗೆ ಕೊಡಬೇಕು, ನೀವು ಒಪ್ಪಿ ಸಹಿ ಹಾಕಿದ ಅರವತ್ತು ದಿನಗಳಲ್ಲಿ ಪರೀಕ್ಷೆ ಮುಗಿದು ಸಭೆ ನಡೆಯಬೇಕು ಎಂಬುದು ಇಲ್ಲಿನ ನಿಯಮ. ದೀರ್ಘ ರಜೆಗಳು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಇಂಥದ್ದನ್ನು ಮುಚ್ಚಿಡುವ ಚಾಳಿ ಇದೆ, ನಾಲ್ಕು ಜನ ಏನೆಂದುಕೊಂಡಾರು ಎಂಬ ಅಂಜಿಕೆಯಿಂದ. ನಾಲ್ಕು ಜನ ಬಂದು ಹುಡುಗನಿಗೆ ಓದು ಕಲಿಸುವುದಿಲ್ಲ.

ವಾಷಿಂಗ್ಟನ್ನಿನಲ್ಲಿ ಶಿಕ್ಷಣ ಇಲಾಖೆಯನ್ನೇ ಮುಚ್ಚುತ್ತಾರಂತೆ, ಮುಂದೇನು ಗತಿ ಎಂದು ಗಾಬರಿಯಿಂದ ಕೇಳಿದ್ದೀಯ. 1979ರ ಕಾನೂನಿನಿಂದ ಹುಟ್ಟಿದ ಇಲಾಖೆಯನ್ನು ಪೂರ್ತಿ ಮುಚ್ಚಲು ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಒಪ್ಪಿಗೆ ಬೇಕು. ಈ ವರ್ಷ ಮಾರ್ಚಿನಲ್ಲಿ ಅಧ್ಯಕ್ಷರ ಆದೇಶವೂ ಬಂತು, ಸಿಬ್ಬಂದಿಯನ್ನೂ ಅರ್ಧದಷ್ಟಕ್ಕೆ ಇಳಿಸಿದ್ದಾರೆ. ಶಾಲೆಗಳ ಒಟ್ಟು ವೆಚ್ಚದಲ್ಲಿ ಕೇಂದ್ರದ ಪಾಲು ಸಾಮಾನ್ಯ ವರ್ಷಗಳಲ್ಲಿ ಹತ್ತರಲ್ಲಿ ಒಂದರಷ್ಟೇ ಆದ್ದರಿಂದ ನಾಳೆಯೇ ಶಾಲೆ ನಿಲ್ಲುವುದಿಲ್ಲ. ಆದರೆ ಆ ಒಂದು ಪಾಲು ಹೋಗುವುದು ಬಡ ಮಕ್ಕಳಿಗೆ ಮತ್ತು ವಿಶೇಷ ಶಿಕ್ಷಣ ಬೇಕಾದ ಮಕ್ಕಳಿಗೆ. 1975ರ ವಿಶೇಷ ಶಿಕ್ಷಣ ಕಾಯ್ದೆಯಲ್ಲಿ ಹೆಚ್ಚುವರಿ ಖರ್ಚಿನ ಶೇ. 40ರವರೆಗೆ ಕೊಡುತ್ತೇವೆಂದ ಕೇಂದ್ರ ಸರ್ಕಾರ ಇಂದಿಗೂ ಅದರ ಹತ್ತಿರಕ್ಕೆ ಬಂದಿಲ್ಲ. ಕೊರತೆಯನ್ನು ರಾಜ್ಯವೂ ಊರಿನ ಬೋರ್ಡೂ ತುಂಬಿಕೊಳ್ಳಬೇಕಾಗುತ್ತದೆ. ಹಾಗಾಗಿ ದೂರದರ್ಶನದ ಚರ್ಚೆಗಿಂತ ನಿಮ್ಮ ಡಿಸ್ಟ್ರಿಕ್ಟಿನ ಬಜೆಟ್ಟಿನ ಮೇಲೆ ಕಣ್ಣಿಡು.

ಹಾಜರಾತಿಯ ಬಗ್ಗೆಯೂ ಒಂದು ಮಾತು. ಶಾಲೆಯ ದಿನಗಳಲ್ಲಿ ಹತ್ತನೇ ಒಂದು ಭಾಗ ಅಥವಾ ಹೆಚ್ಚು ತಪ್ಪಿಸಿಕೊಳ್ಳುವ ಮಕ್ಕಳು ಕೋವಿಡ್‌ಗೆ ಮುನ್ನ ದೇಶದಲ್ಲಿ ಶೇ. 15ರಷ್ಟಿದ್ದರು, 2022ರ ಹೊತ್ತಿಗೆ ಶೇ. 28ರ ಸುಮಾರಿಗೆ ಏರಿದರು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಹಣ ದಾಖಲಾತಿಯ ಮೇಲಲ್ಲ, ದಿನದ ಸರಾಸರಿ ಹಾಜರಾತಿಯ ಮೇಲೆ ನಿಂತಿದೆ. ಟಿಕೆಟ್ ಅಗ್ಗವೆಂದು ಡಿಸೆಂಬರಿನ ರಜೆಗೆ ಹಿಂದುಮುಂದು ಎರಡೆರಡು ವಾರ ಸೇರಿಸಿ ಬೆಂಗಳೂರಿಗೆ ಹೊರಡುವ ನಮ್ಮ ಕುಟುಂಬಗಳು ಮಗುವಿನ ಪಾಠವನ್ನೂ ಶಾಲೆಯ ವರಮಾನವನ್ನೂ ಒಟ್ಟಿಗೆ ಕಳೆಯುತ್ತವೆ. ಅಜ್ಜಿಯನ್ನು ನೋಡಲು ಬೇಸಿಗೆ ರಜೆಯಲ್ಲಿ ಹೋಗಿ.

ದೊಡ್ಡವಳಿಗೆ ಎಂಟನೇ ತರಗತಿಯಲ್ಲೇ ಆಲ್ಜೀಬ್ರಾ ಸಿಗಬೇಕೆಂದು ಈಗಿನಿಂದಲೇ ಕೋಚಿಂಗ್‌ಗೆ ಹಾಕಿದ್ದೀರಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏನಾಯಿತೆಂದು ನೋಡಿ. ಅಲ್ಲಿ ಎಲ್ಲ ಮಕ್ಕಳೂ ಸಮನಾಗಿ ಸಾಗಲೆಂಬ ಉದ್ದೇಶದಿಂದ 2014ರಲ್ಲಿ ಎಂಟನೇ ತರಗತಿಯ ಆಲ್ಜೀಬ್ರಾವನ್ನು ತೆಗೆದರು. ಹಣವಿದ್ದವರು ಹೊರಗೆ ಕಲಿಸಿಕೊಂಡರು, ಇಲ್ಲದವರ ಮಕ್ಕಳು ಉಳಿದರು, ಸಮಾನತೆ ಬರಲಿಲ್ಲ. ಕೋವಿಡ್ ಸಮಯದಲ್ಲಿ ಶಾಲೆಗಳು ಮುಚ್ಚಿದ್ದಾಗ ಅಲ್ಲಿನ ಬೋರ್ಡು 44 ಶಾಲೆಗಳ ಹೆಸರು ಬದಲಿಸುವ ಚರ್ಚೆಯಲ್ಲಿ ಮುಳುಗಿತ್ತು, ಲೋವೆಲ್ ಹೈಸ್ಕೂಲಿಗೆ ಅಂಕಗಳ ಆಧಾರದ ಪ್ರವೇಶವನ್ನೂ ರದ್ದು ಮಾಡಿತು. ಪೋಷಕರು, ಅದರಲ್ಲೂ ಚೀನೀ ಮೂಲದ ಕುಟುಂಬಗಳು, ಬೀದಿಗಿಳಿದರು; 2022ರ ಫೆಬ್ರವರಿಯಲ್ಲಿ ಮತದಾರರು ಮೂವರು ಸದಸ್ಯರನ್ನು ಅಧಿಕಾರದಿಂದ ಕಿತ್ತುಹಾಕಿದರು. ಲೋವೆಲ್‌ನ ಹಳೆಯ ಪದ್ಧತಿ ಮರಳಿತು, ಆಲ್ಜೀಬ್ರಾ ಮರಳಲಿ ಎಂದು 2024ರ ಮಾರ್ಚಿನಲ್ಲಿ ಊರು ಭಾರಿ ಬಹುಮತದಿಂದ ಹೇಳಿತು. ಆ ಸಭೆಗಳಲ್ಲಿ ರಾತ್ರಿ ಹನ್ನೊಂದರವರೆಗೆ ಕುಳಿತವರಿಂದ ಇದಾಯಿತು, ಮನೆ ಬದಲಿಸಿದವರಿಂದ ಆಗಲಿಲ್ಲ.

ಆದರೂ ಅವಸರ ಬೇಡ ಎಂಬುದು ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಇಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ಗಣಿತ ಕಲಿಸಿದವಳ ಮಾತು. ಭಿನ್ನರಾಶಿ ಗಟ್ಟಿಯಾಗದೆ ಮುಂದಕ್ಕೆ ನೂಕಿದ ಮಕ್ಕಳು ಕೊನೆಗೆ ನನ್ನ ತರಗತಿಗೆ ಬಂದು ಕೂರುತ್ತಿದ್ದರು. ಕಳೆದ ತಿಂಗಳು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನ ಅಧ್ಯಾಪಕರ ವರದಿಯೊಂದು ಬಂದಿದೆ: ಹೊಸದಾಗಿ ಸೇರಿದವರಲ್ಲಿ ಸುಮಾರು ಎಂಟರಲ್ಲಿ ಒಬ್ಬರಿಗೆ ಹೈಸ್ಕೂಲ್ ಮಟ್ಟದ ಗಣಿತವೂ ಇಲ್ಲ, ಅವರಲ್ಲಿ ಅನೇಕರು ಶಾಲೆಯಲ್ಲಿ ಒಳ್ಳೆಯ ಗ್ರೇಡುಗಳನ್ನೇ ಪಡೆದವರು. ಈ ವಿಶ್ವವಿದ್ಯಾಲಯ ಪ್ರವೇಶಕ್ಕೆ ಎಸ್‌ಎಟಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕವನ್ನು ನೋಡುವುದನ್ನೇ ಬಿಟ್ಟಿದೆ. ಎಂಐಟಿ 2022ರಲ್ಲಿ ಮತ್ತೆ ಕೇಳಲು ಶುರುಮಾಡಿತು, ಡಾರ್ಟ್‌ಮತ್, ಯೇಲ್, ಹಾರ್ವರ್ಡ್ ಹಿಂಬಾಲಿಸಿದವು. ಜನಾಂಗವನ್ನು ಪರಿಗಣಿಸುವ ಪ್ರವೇಶ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ತಳ್ಳಿಹಾಕಿತು. ಇಷ್ಟು ಬೇಗ ಬದಲಾಗುತ್ತಿರುವ ನಿಯಮಗಳನ್ನು ನಂಬಿ ಏಳನೇ ತರಗತಿಯ ಹುಡುಗಿಯ ಆರು ವರ್ಷಗಳನ್ನು ಈಗಲೇ ಹೊಲಿದಿಡಬೇಡಿ.

ಕಾಲೇಜಿನ ಖರ್ಚಿಗೆ ಹೆದರುವವರು ಕಮ್ಯುನಿಟಿ ಕಾಲೇಜನ್ನು ಏಕೆ ಕೀಳಾಗಿ ಕಾಣುತ್ತಾರೋ! ಈ ರಾಜ್ಯದಲ್ಲಿ ಅಂಥವು 116 ಇವೆ, ನಿವಾಸಿಗಳಿಗೆ ಪಾಠದ ಒಂದು ಯೂನಿಟ್ಟಿಗೆ (ಕ್ರೆಡಿಟ್ಟಿಗೆ) 46 ಡಾಲರ್. ಎರಡು ವರ್ಷ ಓದಿ ನಿಗದಿತ ಅಂಕ ಪಡೆದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರು ಕ್ಯಾಂಪಸ್‌ಗಳು ಪ್ರವೇಶದ ಖಾತರಿ ಕೊಡುತ್ತವೆ. ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಕೇಂದ್ರದ ವಿದ್ಯಾರ್ಥಿ ಸಾಲ ಹೊತ್ತಿದ್ದಾರೆ. ಪೋಷಕರು ಮಕ್ಕಳ ಓದಿಗಾಗಿ ತೆಗೆಯುವ ಕೇಂದ್ರದ ಸಾಲಕ್ಕೆ ಒಂದು ಮಗುವಿನ ಲೆಕ್ಕದಲ್ಲಿ ಮುಂದಿನ ಜುಲೈನಿಂದ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಎಂಬ ಮಿತಿ ಬರಲಿದೆ. ನಿಮ್ಮ ಮಕ್ಕಳು ನಿಮ್ಮ ಉದ್ಯೋಗ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿರುವವರೆಗೆ ಆ ನೆರವೂ ಇಲ್ಲ. ಗ್ರೀನ್ ಕಾರ್ಡಿನ ಸರದಿ ಬರುವ ಮೊದಲು ಇಪ್ಪತ್ತೊಂದು ತುಂಬಿದರೆ ಹುಡುಗಿ ನಿಮ್ಮ ವೀಸಾದ ನೆರಳಿನಿಂದ ಹೊರಬೀಳುತ್ತಾಳೆ. ಮನೆಯ ಸಾಲದ ಲೆಕ್ಕ ಹಾಕುವಾಗ ಇದನ್ನೂ ಪಕ್ಕದಲ್ಲಿ ಬರೆದುಕೋ.

ಇನ್ನು ಸಭೆಗೆ ಹೋಗುವ ವಿಷಯ. ನಾವು ಪೌರರಲ್ಲ, ನಮ್ಮ ಮಾತನ್ನು ಯಾರು ಕೇಳುತ್ತಾರೆ ಎಂದು ನೀನು ಹಿಂದೊಮ್ಮೆ ಅಂದಿದ್ದೆ. ಬ್ರೌನ್ ಕಾಯ್ದೆ ಎಂಬ ಇಲ್ಲಿನ 1953ರ ಕಾನೂನಿನಂತೆ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚೆ ಪ್ರಕಟಿಸಬೇಕು, ಸಾರ್ವಜನಿಕರಿಗೆ ಮಾತನಾಡಲು ಅವಕಾಶ ಕೊಡಬೇಕು. ಮಾತನಾಡುವವರ ಪಾಸ್‌ಪೋರ್ಟನ್ನು ಯಾರೂ ಕೇಳುವುದಿಲ್ಲ. ಪ್ರತಿ ಡಿಸ್ಟ್ರಿಕ್ಟೂ ಜುಲೈ 1ರೊಳಗೆ ಮುಂದಿನ ಖರ್ಚಿನ ಯೋಜನೆಯನ್ನು ಬಹಿರಂಗ ವಿಚಾರಣೆ ನಡೆಸಿ ಅಂಗೀಕರಿಸಬೇಕು, ಅದಕ್ಕೆ ಪೋಷಕರ ಸಲಹಾ ಸಮಿತಿಯೂ ಇರಬೇಕು. ತರಗತಿಯಲ್ಲಿ ಮೊಬೈಲ್ ಬಳಕೆಗೆ ಕಡಿವಾಣ ಹಾಕುವ ನೀತಿಯನ್ನು ಎಲ್ಲ ಡಿಸ್ಟ್ರಿಕ್ಟ್‌ಗಳೂ 2026ರ ಜುಲೈ ಒಳಗೆ ಮಾಡಲೇಬೇಕಾದ್ದರಿಂದ ಈ ಚಳಿಗಾಲದಲ್ಲಿ ನಿಮ್ಮಲ್ಲೂ ಚರ್ಚೆಯಿರಬಹುದು. ಅದೊಂದು ಒಳ್ಳೆಯ ಆರಂಭ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪೌರರಲ್ಲದ ಪೋಷಕರಿಗೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಮತ ಹಾಕಲು ಅವಕಾಶವಿದೆ, ಆದರೆ ವೀಸಾದಲ್ಲಿರುವವರು ವಕೀಲರನ್ನು ಕೇಳದೆ ಆ ಹಾದಿ ತುಳಿಯಬಾರದು. ಮಾತನಾಡುವುದಕ್ಕೆ ಆ ಭಯವಿಲ್ಲ. ಎರಡೋ ಮೂರೋ ನಿಮಿಷ ಸಿಗುತ್ತದೆ. ಬರೆದುಕೊಂಡು ಹೋಗು, ಒಂದೇ ವಿಷಯ ಹೇಳು, ದೂರಿನ ಜೊತೆಗೆ ಏನು ಬೇಕೆಂಬುದನ್ನೂ ಹೇಳು.

ಮನೆಯ ಮುಂಗಡ ಕೊಡುವ ಮೊದಲು ಈಗಿರುವ ಡಿಸ್ಟ್ರಿಕ್ಟಿನ ಒಂದು ಸಭೆಗಾದರೂ ಇಬ್ಬರೂ ಹೋಗಿ ಕುಳಿತು ಬನ್ನಿ. ಭಾನುವಾರ ಫೋನ್ ಮಾಡುವಾಗ ಚಿಕ್ಕವನ ತಪಾಸಣೆಯ ಹಾಳೆಯನ್ನು ಹತ್ತಿರ ಇಟ್ಟುಕೊಂಡಿರಲು ವಾಣಿಗೆ ಹೇಳು. ಶಾಲೆಗೆ ಬರೆಯಬೇಕಾದ ಪತ್ರದ ಕರಡನ್ನು ನಾನು ಮಾಡಿಡುತ್ತೇನೆ.

ಇಂತಿ ನಿಮ್ಮ ಹಿತವನ್ನು ಬಯಸುವ,
ಅತ್ತೆ