ಓಪನ್ ಸೋರ್ಸ್‌ಗೆ ಹೊಸಬನಾದ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಶನಿವಾರಸಂತೆಯಲ್ಲಿ ಮಳೆ ಜಾಸ್ತಿ ಅಂತ ಬರೆದಿದ್ದೀಯ. ಮಡಿಕೇರಿಯಲ್ಲೂ ಅದೇ ಕಥೆ, ಕರೆಂಟ್ ಬಂದರೆ ಬಂತು. ನಿನ್ನ ಪತ್ರದ ಕೊನೆಯ ಸಾಲು ಓದಿ ಬೇಜಾರಾಯಿತು. ಯಾರು ಬೇಕಾದರೂ ಕೋಡ್ ನೋಡಿ ತಿದ್ದಲು ಕೈಜೋಡಿಸಬಹುದಾದ ಓಪನ್ ಸೋರ್ಸ್ ತಂತ್ರಾಂಶದ ಕೆಲಸ ನನ್ನಂಥವರಿಗಲ್ಲ ಅಂದುಬಿಟ್ಟಿದ್ದೀಯ.

ನಿನಗೆ ಕೋಡ್ ಚೆನ್ನಾಗಿ ಬರುತ್ತದೆ. ಹೊಸಬರು ಸುಸ್ತಾಗುವುದು ಬಹಳ ಸಲ ಕೋಡ್ ಬರೆಯುವ ಮುಂಚೆಯೇ. ಮದುವೆ ಮನೆಯಲ್ಲಿ ಅಡುಗೆಯವರಿಗೆ ಕೈಜೋಡಿಸಲು ಹೋದರೆ ಸೌಟು ಎಲ್ಲಿದೆ, ಯಾರನ್ನು ಕೇಳಬೇಕು ಅನ್ನುವುದೇ ಗೊತ್ತಾಗುವುದಿಲ್ಲ ಅಲ್ವಾ, ಹಾಗೆ. ಬಿಲ್ಡ್ ಮಾಡಲು, ಅಂದರೆ ಕೋಡನ್ನು ಓಡುವ ತಂತ್ರಾಂಶವಾಗಿ ಕಟ್ಟಲು ಏನೇನು ಬೇಕು, ಟೆಸ್ಟ್ ಹೇಗೆ ಓಡಿಸಬೇಕು, ಇವೆಲ್ಲ ಹಳಬರಿಗೆ ರೂಢಿ. ಅದಕ್ಕೇ ಬರೆದಿಡಲು ಮರೆಯುತ್ತಾರೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗಂತೂ ಇವತ್ತಿಗೂ ಪ್ಯಾಚ್‌ಗಳನ್ನು, ಅಂದರೆ ಕೋಡ್ ತಿದ್ದುಪಡಿಗಳನ್ನು ಇಮೇಲ್‌ನಲ್ಲೇ ಕಳಿಸಬೇಕು. ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣ ಮಾತ್ರ ನೋಡಿದವರು ಅಲ್ಲಿ ಕಕ್ಕಾಬಿಕ್ಕಿ.

ನಮ್ಮ ಕಡೆ ಇನ್ನೊಂದು ಕಷ್ಟ. ಗಿಟ್ ಕ್ಲೋನ್, ಅಂದರೆ ಪ್ರಾಜೆಕ್ಟ್‌ನ ಕೋಡ್ ಪೂರ್ತಿ ಇಳಿಸಿಕೊಳ್ಳುವುದು, ಕರೆಂಟ್ ಹೋಗಿ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ ಶುರು. ನೀನು ಡೆಪ್ತ್ 1 ಅಂತ ಕೊಟ್ಟು ಕ್ಲೋನ್ ಮಾಡು. ಹಳೆಯ ಇತಿಹಾಸವೆಲ್ಲ ಬಿಟ್ಟು ಈಗಿನ ಪ್ರತಿ ಮಾತ್ರ ಇಳಿಯುತ್ತದೆ. ಸಣ್ಣ ತಿದ್ದುಪಡಿಯಾದರೆ ಗಿಟ್‌ಹಬ್ ಪುಟದಲ್ಲೇ ಪೆನ್ಸಿಲ್ ಗುರುತು ಒತ್ತಿ ಮಾಡಬಹುದು.

ನೀನು ಕಳಿಸಿದ ಪ್ಯಾಚ್‌ಗೆ ಯಾರೂ ಉತ್ತರ ಕೊಡಲಿಲ್ಲ ಅಂತ ನೊಂದಿದ್ದೀಯ. ಆ ಕಡೆ ಪ್ರಾಜೆಕ್ಟ್ ನೋಡಿಕೊಳ್ಳುತ್ತಾ ಕೂತಿರುವವರು ಎಷ್ಟೋ ಸಲ ಒಬ್ಬರೇ, ಅದೂ ಸಂಬಳವಿಲ್ಲದೆ. ಜೊತೆಗೆ ಈಗ ಭಯವೂ ಇದೆ. ಫೈಲ್‌ಗಳ ಗಾತ್ರ ಕುಗ್ಗಿಸುವ ಎಕ್ಸ್‌ಝಡ್ ಅನ್ನುವ ತಂತ್ರಾಂಶ ಗೊತ್ತಲ್ಲ? ಅದನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಸಹಾಯ ಮಾಡುತ್ತೇನೆ ಅಂತ ಬಂದ ಹೊಸಬನೊಬ್ಬ ವರ್ಷಗಟ್ಟಲೆ ಒಳ್ಳೆಯ ಪ್ಯಾಚ್‌ಗಳನ್ನೇ ಕಳಿಸಿ ನಂಬಿಕೆ ಗಳಿಸಿದ. ಆಮೇಲೆ ಅದರೊಳಗೆ, ಬೇರೆಯವರ ಕಂಪ್ಯೂಟರ್‌ಗೆ ಗುಟ್ಟಾಗಿ ನುಗ್ಗಲು ಹಿಂಬಾಗಿಲು ಇಟ್ಟ. ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರ್, ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಸೇರುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ನಿಧಾನವಾಗಿದೆಯಲ್ಲ ಅಂತ ಹುಡುಕುತ್ತಾ ಹೋಗಿ 2024ರ ಮಾರ್ಚ್‌ನಲ್ಲಿ ಅದನ್ನು ಪತ್ತೆ ಮಾಡಿದರು. ಇಂಥದ್ದು ಕಂಡ ಮೇಲೆ ಅಪರಿಚಿತರ ಪ್ಯಾಚ್ ಅಂದರೆ ಹುಷಾರಾಗುವುದು ಸಹಜ. ಆದರೂ ಅದರ ಏಟು ನಿನ್ನಂಥ ಪ್ರಾಮಾಣಿಕರಿಗೆ ಬೀಳಬಾರದು. ನೋಡಲು ಇಷ್ಟು ಸಮಯ ಬೇಕು ಅಂತ ಒಂದು ಸಾಲು ಬರೆದಿದ್ದರೂ ನೀನು ಕಾಯುತ್ತಿದ್ದೆ.

ಇನ್ನು ಮುಂದೆ ಹೀಗೆ ಮಾಡಿ ನೋಡು. ಯಾವುದೋ ದೊಡ್ಡ ಪ್ರಾಜೆಕ್ಟ್ ಸುಮ್ನೆ ಹುಡುಕಬೇಡ. ನೀನು ದಿನವೂ ಬಳಸುವುದನ್ನೇ ಹಿಡಿ, ಅದರಲ್ಲೂ ಕನ್ನಡದ ಭಾಗ. ಫೈರ್‌ಫಾಕ್ಸ್ ಬ್ರೌಸರ್‌ನ ಅನುವಾದ ಪಾಂಟೂನ್ ಅನ್ನುವ ತಾಣದಲ್ಲಿ, ಕಚೇರಿ ತಂತ್ರಾಂಶ ಲಿಬ್ರೆಆಫೀಸ್‌ನದು ವೆಬ್ಲೇಟ್ ಅನ್ನುವ ತಾಣದಲ್ಲಿ ನಡೆಯುತ್ತದೆ. ಬಿಲ್ಡ್ ಗೋಜೇ ಇಲ್ಲ, ಬ್ರೌಸರ್ ಸಾಕು. ಒತ್ತಕ್ಷರ ಒಡೆದು ಕಂಡರೆ, ಅರ್ಕಾವತ್ತು ತಪ್ಪು ಜಾಗದಲ್ಲಿ ಕೂತರೆ, ಕನ್ನಡ ಓದಲು ಬಾರದ ನಿರ್ವಾಹಕರಿಗೆ ಅದು ಗೊತ್ತೇ ಆಗುವುದಿಲ್ಲ. ನಿನಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹೇಗೆ ಕಾಣುತ್ತಿದೆ, ಹೇಗೆ ಕಾಣಬೇಕಿತ್ತು ಅಂತ ಎರಡು ಚಿತ್ರ ಹಾಕಿ ಬರೆ. ಅದೂ ಕೊಡುಗೆಯೇ, ಕೋಡ್‌ಗಿಂತ ಕಡಿಮೆಯದೇನಲ್ಲ.

ಹಳೆಯ ಪ್ಯಾಚ್ ಅಳಿಸಬೇಡ. ಅದರ ಕೆಳಗೆ ವಿನಯದಿಂದ ಒಂದು ಸಾಲು ನೆನಪಿಸಿ, ಲಿಂಕ್ ನನಗೆ ಕಳಿಸು. ಕರೆಂಟ್ ಇದ್ದಾಗ ನಾನೂ ಬಿಲ್ಡ್ ಮಾಡಿ ನೋಡಿ, ಕೆಲಸ ಮಾಡುತ್ತದೋ ಇಲ್ಲವೋ ಅಲ್ಲೇ ಬರೆಯುತ್ತೇನೆ.

ನಿನ್ನ ಗೆಳೆಯ